ಬಣ್ಣ ಒಂದು ಸೆಲ್‌ಗೆ, ಕಾರಣ ಇನ್ನೊಂದರಲ್ಲಿ: ಕಾಫಿ ಲಾಟುಗಳ ಪಟ್ಟಿಯಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಹರಡಿದ ಪ್ರತಿಯೊಂದು ಲಾಟಿನ (ಒಟ್ಟಿಗೆ ಒಣಗಿಸುವ ಕಾಫಿಯ ರಾಶಿಯ) ತೇವಾಂಶವನ್ನು ತೋಟದ ರೈಟರು, ಅಂದರೆ ದಿನದ ಲೆಕ್ಕ ಬರೆಯುವವರು, ಮೀಟರಿನಲ್ಲಿ ಅಳೆದು ಎಕ್ಸೆಲ್ ಹಾಳೆಗೆ ಏರಿಸುತ್ತಾರೆ. ತೇವಾಂಶ ಶೇಕಡಾ 10ರ ಮಿತಿ ಮೀರಿದ ಲಾಟಿನ ಸಂಖ್ಯೆ ತಾನಾಗಿಯೇ ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನ, ಅಂದರೆ ಷರತ್ತು ನೋಡಿ ಸೆಲ್‌ಗೆ ಬಣ್ಣ ಹಚ್ಚುವ, ಏರ್ಪಾಡನ್ನೂ ಮಾಡಿಕೊಂಡಿದ್ದೆವು. ಜನವರಿಯ ಒಂದು ಬೆಳಿಗ್ಗೆ ಹಾಳೆಯಲ್ಲಿ 14ನೇ ಲಾಟು ಕೆಂಪಾಗಿದೆಯೆಂದು ಅದರ ಚೀಲಗಳನ್ನೆಲ್ಲ ಬಿಚ್ಚಿ ಕಾಫಿಯನ್ನು ಮತ್ತೆ ಕಣಕ್ಕೆ ಸುರಿಸಲಾಯಿತು. ಮಧ್ಯಾಹ್ನ ರೈಟರು ಬಂದು, "ಸಾರ್, ಹದಿನಾಲ್ಕು ಚೆನ್ನಾಗಿ ಒಣಗಿದೆ, ಕಚ್ಚಿ ನೋಡಿದೆ, ಕಟ್ ಅಂತು" ಎಂದರು. ಹಾಳೆಯನ್ನು ತೆರೆದು ನೋಡಿದರೆ 14ರ ತೇವಾಂಶ 9.7 ಎಂದೇ ಇತ್ತು. 11.8 ಇದ್ದದ್ದು 15ನೇ ಲಾಟಿಗೆ. ಅದಕ್ಕೆ ಯಾವ ಬಣ್ಣವೂ ಬಂದಿರಲಿಲ್ಲ. ಅದು ಒಣಗಿದ ಲಾಟುಗಳ ಜೊತೆಯಲ್ಲಿ ಗೋದಾಮು ಸೇರಿಬಿಟ್ಟಿತ್ತು.

ಅಳತೆ ಸರಿಯಾಗಿತ್ತು, ಬರೆದ ಅಂಕಿ ಸರಿಯಾಗಿತ್ತು, ಮಿತಿಯೂ ಸರಿಯಾಗಿತ್ತು. ತಪ್ಪಿದ್ದದ್ದು ಒಂದೇ ಕಡೆ: ಬಣ್ಣದ ನಿಯಮವು ಯಾವ ಸೆಲ್‌ನಲ್ಲಿ ನಿಂತು ಯಾವ ಸೆಲ್‌ ಕಡೆಗೆ ನೋಡುತ್ತಿದೆ ಎಂಬುದನ್ನು ನಾವು ವಿಚಾರಿಸಿರಲಿಲ್ಲ. ಇನ್ನೊಂದು ಸೆಲ್‌ನ ಬೆಲೆಯನ್ನು, ಅಂದರೆ ಅದರಲ್ಲಿ ಬರೆದಿರುವುದನ್ನು, ನೋಡಿ ಬಣ್ಣ ಹಚ್ಚುವ ಕೆಲಸದಲ್ಲಿ ಬರುವ ತೊಡಕುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಅದಕ್ಕೆ ಉತ್ತರ ಗೊತ್ತಿದ್ದವರಿಗೆ ಮಿಕ್ಕದ್ದು ಕಷ್ಟವಲ್ಲ.

ಮೊದಲು ನಮ್ಮ ಹಾಳೆಯ ಸ್ವರೂಪವನ್ನು ಹೇಳುತ್ತೇನೆ. ಎ ಕಾಲಂನಲ್ಲಿ ಲಾಟಿನ ಸಂಖ್ಯೆ, ಬಿ ಕಾಲಂನಲ್ಲಿ ಕಾಫಿಯ ಬಗೆ, ಸಿ ಕಾಲಂನಲ್ಲಿ ಕಣಕ್ಕೆ ಹರಡಿದ ದಿನಾಂಕ, ಡಿ ಕಾಲಂನಲ್ಲಿ ತೇವಾಂಶ, ಇ ಕಾಲಂನಲ್ಲಿ ಚೀಲಗಳ ಎಣಿಕೆ, ಎಫ್ ಕಾಲಂನಲ್ಲಿ ಗೋದಾಮಿಗೆ ಸೇರಿದ ದಿನಾಂಕ. ಮೊದಲ ಸಾಲು ತಲೆಬರಹದ್ದು. ಲಾಟುಗಳು 2ನೇ ಸಾಲಿನಿಂದ ಶುರುವಾಗುತ್ತವೆ. ಈ ಬರಹದಲ್ಲಿ ಕಾಲಂಗಳ ಮತ್ತು ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು: ವಿಲುಕಪ್ ಎಂದರೆ VLOOKUP, ಆ್ಯಂಡ್ ಎಂದರೆ AND, ಕೌಂಟ್‌ಇಫ್ ಎಂದರೆ COUNTIF, ಟುಡೇ ಎಂದರೆ TODAY, ಇಂಡೈರೆಕ್ಟ್ ಎಂದರೆ INDIRECT, ಫಾಲ್ಸ್ ಎಂದರೆ FALSE.

ತೇವಾಂಶದ ಸೆಲ್ ತನ್ನದೇ ಬೆಲೆಯನ್ನು ನೋಡಿ ತಾನೇ ಕೆಂಪಾಗುವುದು ಸುಲಭದ ಬಗೆ. ಡಿ ಕಾಲಂ ಅನ್ನು ಆಯ್ದುಕೊಂಡು 'ಗ್ರೇಟರ್ ದ್ಯಾನ್' ಎಂಬ ಸಿದ್ಧ ನಿಯಮಕ್ಕೆ 10 ಎಂದು ಕೊಟ್ಟರೆ ಸಾಕು. ಆದರೆ ಕಣದಲ್ಲಿ ಕೆಲಸ ಮಾಡಿಸುವವರಿಗೆ ಬೇಕಾದದ್ದು ಲಾಟಿನ ಸಂಖ್ಯೆ. ಸಾಲಿನ ಒಂದು ತುದಿಯಲ್ಲಿರುವ ಸಂಖ್ಯೆಯು ನಡುವಿನ ತೇವಾಂಶವನ್ನು ನೋಡಿ ಬಣ್ಣ ಪಡೆಯಬೇಕಾದರೆ ಸಿದ್ಧ ನಿಯಮಗಳು ಸಾಲುವುದಿಲ್ಲ, ಫಾರ್ಮುಲಾ ಬರೆಯಬೇಕು. ಎಕ್ಸೆಲ್‌ನಲ್ಲಿ ಎ2ರಿಂದ ಎ200ರವರೆಗೆ ಆಯ್ದುಕೊಂಡು, ಹೋಮ್ ಪಟ್ಟಿಯ ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ನ್ಯೂ ರೂಲ್ ಒತ್ತಿ, ಫಾರ್ಮುಲಾ ಬಳಸುವ ಕೊನೆಯ ಆಯ್ಕೆಗೆ ಹೋಗಬೇಕು. ಗೂಗಲ್ ಶೀಟ್ಸ್‌ನಲ್ಲಿ ಇದೇ ಆಯ್ಕೆಯ ಹೆಸರು 'ಕಸ್ಟಮ್ ಫಾರ್ಮುಲಾ ಈಸ್'; ಲಿಬ್ರೆಆಫೀಸ್‌ನಲ್ಲಿ 'ಫಾರ್ಮುಲಾ ಈಸ್'. ಅಲ್ಲಿ ಬರೆಯಬೇಕಾದದ್ದು ಇಷ್ಟು:

=$ಡಿ2>10

ಇದೊಂದು ಹೌದು-ಅಲ್ಲ ಪ್ರಶ್ನೆ. ಉತ್ತರ ಹೌದು ಎಂದಾದರೆ ಬಣ್ಣ ಬರುತ್ತದೆ, ಅಲ್ಲ ಎಂದಾದರೆ ಬರುವುದಿಲ್ಲ. ಮೊದಲಿನ ಸಮ ಚಿಹ್ನೆಯನ್ನು ಮರೆಯಬಾರದು. ಮರೆತರೆ ಎಕ್ಸೆಲ್ ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಬರಿಯ ಅಕ್ಷರವೆಂದು ತಿಳಿಯುತ್ತದೆ, ಬಣ್ಣ ಎಂದಿಗೂ ಬರುವುದಿಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಬರುವುದಿಲ್ಲ.

ಈಗ ಮುಖ್ಯ ಸಂಗತಿಗೆ ಬರೋಣ. ನಾವು ಆಯ್ದುಕೊಂಡದ್ದು 199 ಸೆಲ್‌ಗಳನ್ನು, ಬರೆದದ್ದು ಒಂದೇ ಫಾರ್ಮುಲಾ, ಅದರಲ್ಲಿರುವುದು ಡಿ2ರ ಹೆಸರು ಮಾತ್ರ. ಹಾಗಿದ್ದರೆ 50ನೇ ಸಾಲಿನ ಲಾಟು ಡಿ50ನ್ನು ನೋಡಬೇಕೆಂದು ತಿಳಿಯುವುದು ಹೇಗೆ? ಫಾರ್ಮುಲಾದಲ್ಲಿರುವ ವಿಳಾಸ ಎರಡು ಬಗೆಯದಾಗಿರಬಹುದು. ತೋಟದ ಲೈನ್‌ಮನೆಗಳಲ್ಲಿ (ಕೆಲಸದವರ ಸಾಲುಮನೆಗಳಲ್ಲಿ) ಎಲ್ಲರಿಗೂ "ನಿಮ್ಮ ಮನೆಯಿಂದ ಬಲಕ್ಕೆ ಮೂರನೇ ಮನೆಗೆ ಹೋಗಿ" ಎಂದು ಹೇಳಿದರೆ ಒಬ್ಬೊಬ್ಬರೂ ಒಂದೊಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಮೇಸ್ತ್ರಿಯ ಮನೆಗೆ ಹೋಗಿ" ಎಂದರೆ ಎಲ್ಲರೂ ಒಂದೇ ಬಾಗಿಲಿಗೆ ಬರುತ್ತಾರೆ. ಡಾಲರ್ ಚಿಹ್ನೆಯಿಲ್ಲದ ವಿಳಾಸ ಮೊದಲನೆಯ ಮಾತಿನಂತೆ, ಡಾಲರ್ ಚಿಹ್ನೆಯಿರುವ ವಿಳಾಸ ಎರಡನೆಯ ಮಾತಿನಂತೆ. ಕಾಲಂನ ಅಕ್ಷರಕ್ಕೂ ಸಾಲಿನ ಅಂಕಿಗೂ ಬೇರೆಬೇರೆಯಾಗಿ ಡಾಲರ್ ಹಾಕಬಹುದು. $ಡಿ2 ಎಂದರೆ ಕಾಲಂ ಡಿಯಲ್ಲೇ ಕಟ್ಟಿಹಾಕಿದಂತೆ, ಸಾಲು ಮಾತ್ರ ಬಿಚ್ಚಿಬಿಟ್ಟಂತೆ. ಹಾಗಾಗಿ ಎ2 ಡಿ2ನ್ನು ನೋಡುತ್ತದೆ, ಎ3 ಡಿ3ನ್ನು ನೋಡುತ್ತದೆ, ಎ50 ಡಿ50ನ್ನು ನೋಡುತ್ತದೆ. ನಿಯಮವನ್ನು ಬರೆಯುವುದು ಒಂದು ಸಲ. ಎಕ್ಸೆಲ್ ಅದನ್ನು ಪ್ರತಿಯೊಂದು ಸೆಲ್‌ನಲ್ಲೂ ನಿಂತು ಹೊಸದಾಗಿ ಓದುತ್ತದೆ.

ಎ ಕಾಲಂ ಒಂದನ್ನೇ ಬಣ್ಣಿಸುವಾಗ ಕಾಲಂನ ಮುಂದಿನ ಡಾಲರ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಅದರ ಬೆಲೆ ತಿಳಿಯುವುದು ಇಡೀ ಸಾಲಿಗೆ, ಅಂದರೆ ಎ2ರಿಂದ ಎಫ್200ರವರೆಗೆ ಬಣ್ಣ ಬೇಕೆಂದಾಗ. ಡಾಲರ್ ಇಲ್ಲದೆ =ಡಿ2>10 ಎಂದು ಬರೆದು ಒಂದು ಸಾಲನ್ನು ಹತ್ತಿರದಿಂದ ನೋಡೋಣ. ತೇವಾಂಶ 9.8, ಚೀಲ 42, ಗೋದಾಮಿಗೆ ಸೇರಿದ ದಿನಾಂಕ 2025ರ ಜನವರಿ 1 ಎಂದಿಟ್ಟುಕೊಳ್ಳಿ. ಎ2 ಮೂರು ಮನೆ ಬಲಕ್ಕಿರುವ ಡಿ2ನ್ನು ನೋಡುತ್ತದೆ, 9.8 ಹತ್ತಕ್ಕಿಂತ ಕಡಿಮೆ, ಬಣ್ಣವಿಲ್ಲ. ಬಿ2 ತನ್ನ ಬಲಕ್ಕೆ ಮೂರು ಮನೆ ಎಣಿಸಿ ಇ2ನ್ನು ನೋಡುತ್ತದೆ, ಅಲ್ಲಿರುವುದು ತೇವಾಂಶವಲ್ಲ, 42 ಚೀಲ, ಬಿ2 ಕೆಂಪಾಗುತ್ತದೆ. ಸಿ2 ನೋಡುವುದು ಎಫ್2ನ್ನು. ಎಕ್ಸೆಲ್ ದಿನಾಂಕವನ್ನು ಒಳಗೊಳಗೆ 1900ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2025ರ ಜನವರಿ 1 ಎಂದರೆ ಅದಕ್ಕೆ 45658. ಅದು ಹತ್ತಕ್ಕಿಂತ ದೊಡ್ಡದು, ಸಿ2 ಕೂಡ ಕೆಂಪು. ಡಿ, ಇ, ಎಫ್‌ಗಳು ಆಚೆಯ ಖಾಲಿ ಕಾಲಂಗಳನ್ನು ನೋಡಿ ಸುಮ್ಮನಾಗುತ್ತವೆ. ಒಣಗಿದ ಲಾಟಿನ ಸಾಲಿನಲ್ಲಿ ನಡುವೆ ಎರಡು ಸೆಲ್ ಮಾತ್ರ ಕೆಂಪಾಗಿ ಕಂಡರೆ ಎಕ್ಸೆಲ್ ಕೆಟ್ಟಿದೆ ಎಂದು ಹಲವರು ಭಾವಿಸುತ್ತಾರೆ. ಅದು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ.

ಇದಕ್ಕೆ ವಿರುದ್ಧವಾದ ತಪ್ಪು $ಡಿ$2 ಎಂದು ಎರಡು ಕಡೆಯೂ ಕಟ್ಟಿಹಾಕುವುದು. ಆಗ ಎಲ್ಲ ಲಾಟುಗಳೂ ಮೊದಲ ಲಾಟಿನ ತೇವಾಂಶವನ್ನೇ ನೋಡುತ್ತವೆ. ಅದು ಹಸಿಯಾಗಿದ್ದರೆ ಇಡೀ ಪಟ್ಟಿ ಕೆಂಪು, ಒಣಗಿದ್ದರೆ ಒಂದಕ್ಕೂ ಬಣ್ಣವಿಲ್ಲ. ಇದು ಬಹಳ ಸಲ ಆಗುವುದಕ್ಕೆ ಕಾರಣವಿದೆ. ಫಾರ್ಮುಲಾ ಬರೆಯುವ ಪೆಟ್ಟಿಗೆಯಲ್ಲಿರುವಾಗ ಮೌಸಿನಿಂದ ಡಿ2ರ ಮೇಲೆ ಕ್ಲಿಕ್ ಮಾಡಿದರೆ ಎಕ್ಸೆಲ್ ತಾನಾಗಿಯೇ $ಡಿ$2 ಎಂದು ಹಾಕುತ್ತದೆ. ಎಫ್4 ಕೀಲಿಯನ್ನು ಒತ್ತುತ್ತ ಹೋದರೆ ಡಾಲರ್‌ಗಳು ಬದಲಾಗುತ್ತವೆ. ಸಾಲಿನ ಅಂಕಿಯ ಮುಂದಿನ ಡಾಲರ್ ಹೋಗುವವರೆಗೆ ಒತ್ತಬೇಕು. ಅದೇ ಪೆಟ್ಟಿಗೆಯಲ್ಲಿ ಬಾಣದ ಕೀಲಿ ಒತ್ತಿದರೆ ಬೇಡದ ಸೆಲ್‌ಗಳ ಹೆಸರು ಒಳಗೆ ನುಗ್ಗುತ್ತವೆ. ಮೊದಲು ಎಫ್2 ಕೀಲಿ ಒತ್ತಿಕೊಂಡರೆ ಬಾಣಗಳು ಅಕ್ಷರಗಳ ನಡುವೆ ಓಡಾಡುತ್ತವೆ.

ನಮ್ಮ 14ನೇ ಲಾಟಿಗೆ ಆದದ್ದು ಇವೆರಡೂ ಅಲ್ಲ. ಡಾಲರ್ ಸರಿಯಾದ ಜಾಗದಲ್ಲೇ ಇತ್ತು. ಹೊಸ ಹಾಳೆ ತೆರೆಯುವಾಗ ಎ2ರಿಂದ ಎಳೆದು ಆಯ್ದುಕೊಳ್ಳುವ ಬದಲು ಎ ಎಂಬ ಅಕ್ಷರದ ಮೇಲೆಯೇ ಒತ್ತಿ ಇಡೀ ಕಾಲಂ ಅನ್ನು ಆಯ್ದುಕೊಳ್ಳಲಾಗಿತ್ತು. ಆಗ ನಿಯಮ ಶುರುವಾಗುವುದು ಎ1ರಿಂದ. ಅದರಲ್ಲಿ $ಡಿ2 ಎಂದು ಬರೆದರೆ "ನಿನಗಿಂತ ಒಂದು ಸಾಲು ಕೆಳಗಿರುವ ತೇವಾಂಶವನ್ನು ನೋಡು" ಎಂದು ಹೇಳಿದಂತಾಯಿತು. 14ನೇ ಲಾಟು ಇರುವುದು 15ನೇ ಸಾಲಿನಲ್ಲಿ. ಅದು 16ನೇ ಸಾಲನ್ನು, ಅಂದರೆ 15ನೇ ಲಾಟಿನ 11.8ನ್ನು ನೋಡಿ ತಾನು ಕೆಂಪಾಯಿತು. ಹಸಿ ಲಾಟಿನ ಬಣ್ಣ ಅದರ ಮೇಲಿನ ಮನೆಗೆ ಬಿದ್ದಿತ್ತು. ಪಟ್ಟಿಯಲ್ಲಿ ಒಂದೆರಡೇ ಕೆಂಪು ಇರುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಈ ತಪ್ಪು ಉಳಿದವುಗಳಿಗಿಂತ ಅಪಾಯದ್ದೆಂದು ನಾನು ಭಾವಿಸುತ್ತೇನೆ. ಎಕ್ಸೆಲ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದು ಆಯ್ದುಕೊಂಡರೂ ಇಂಥದೇ ಎಡವಟ್ಟಾಗುತ್ತದೆ, ಏಕೆಂದರೆ ನಾವು ಬರೆಯುವ ಫಾರ್ಮುಲಾವನ್ನು ಅದು ಆಯ್ಕೆಯೊಳಗೆ ಬಿಳಿಯಾಗಿ ಉಳಿದ ಸೆಲ್‌ನ ಮಾತೆಂದು ತಿಳಿಯುತ್ತದೆ, ಮತ್ತು ಆ ಸೆಲ್ ಈಗ ಪಟ್ಟಿಯ ಕೊನೆಯದು. ಗೂಗಲ್ ಶೀಟ್ಸ್ ಯಾವಾಗಲೂ ಆಯ್ದ ಜಾಗದ ಎಡ ಮೇಲ್ಮೂಲೆಯಿಂದಲೇ ಲೆಕ್ಕ ಹಿಡಿಯುತ್ತದೆ. ಪರೀಕ್ಷೆ ಸುಲಭ: ನಿಯಮ ಅನ್ವಯವಾಗುವ ಜಾಗದ ಮೊದಲ ಸೆಲ್‌ನ ಮೇಲೆ ನಿಂತು ಕಂಡಿಷನಲ್ ಫಾರ್ಮ್ಯಾಟಿಂಗ್‌ನ ಮ್ಯಾನೇಜ್ ರೂಲ್ಸ್ ತೆರೆಯಬೇಕು, ಅನ್ವಯದ ಜಾಗ ಶುರುವಾಗುವ ಸಾಲಿನ ಅಂಕಿಯೂ ಫಾರ್ಮುಲಾದೊಳಗಿನ ಸಾಲಿನ ಅಂಕಿಯೂ ಒಂದೇ ಆಗಿರಬೇಕು.

ಇಷ್ಟರಲ್ಲಿ ಒಂದು ಪ್ರಶ್ನೆ ಕಾಫಿ ಬೆಳೆಗಾರರ ಮನಸ್ಸಿನಲ್ಲಿ ಎದ್ದಿರುತ್ತದೆ. ಎಲ್ಲ ಕಾಫಿಗೂ ಮಿತಿ 10 ಅಲ್ಲವಲ್ಲ? ನಿಜ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಪಾರ್ಚ್‌ಮೆಂಟ್‌ಗೆ, ಅರೇಬಿಕಾ ಆಗಲಿ ರೋಬಸ್ಟಾ ಆಗಲಿ, ಶೇಕಡಾ 10, ಹಣ್ಣನ್ನು ಇಡಿಯಾಗಿ ಒಣಗಿಸುವ ಚೆರ್ರಿಯಲ್ಲಿ ಅರೇಬಿಕಾಗೆ 10.5, ರೋಬಸ್ಟಾಗೆ 11 ಎಂಬುದು ನಡೆದುಬಂದ ಮಟ್ಟ. ಅದಕ್ಕಿಂತ ಹಸಿಯಾಗಿ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಬೀಜದ ಬಣ್ಣ ಕೆಡುತ್ತದೆ. ಅತಿಯಾಗಿ ಒಣಗಿಸಿದರೆ ತೂಕ ಹೋಗುತ್ತದೆ, ಕ್ಯೂರಿಂಗ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು ತೆಗೆಯುವಾಗ, ಬೀಜ ಒಡೆಯುತ್ತದೆ. ಹಾಗಾಗಿ ಸಾಲಿನ ಬಣ್ಣ ಈಗ ಎರಡು ಸೆಲ್‌ಗಳನ್ನು ಅವಲಂಬಿಸುತ್ತದೆ: ತೇವಾಂಶ ಮತ್ತು ಬಗೆ. ಒಂದೊಂದು ಬಗೆಗೆ ಒಂದೊಂದು ನಿಯಮ ಬರೆಯುವ ಬದಲು ಮಿತಿಗಳನ್ನು ಹಾಳೆಯ ಪಕ್ಕದಲ್ಲಿ ಸಣ್ಣ ಕೋಷ್ಟಕವಾಗಿ ಬರೆದಿಡುವುದು ಒಳ್ಳೆಯದು. ಕೆ2ರಿಂದ ಕೆ5ರವರೆಗೆ ನಾಲ್ಕು ಬಗೆಗಳ ಹೆಸರು, ಎದುರಿಗೆ ಎಲ್ ಕಾಲಂನಲ್ಲಿ ಅವುಗಳ ಮಿತಿ. ಆಗ ನಿಯಮ ಹೀಗಾಗುತ್ತದೆ:

=$ಡಿ2>ವಿಲುಕಪ್($ಬಿ2,$ಕೆ$2:$ಎಲ್$5,2,ಫಾಲ್ಸ್)

ಇದನ್ನು ಬಾಯಲ್ಲಿ ಹೇಳುವುದಾದರೆ, ಈ ಸಾಲಿನ ಬಗೆಯನ್ನು ಪಕ್ಕದ ಕೋಷ್ಟಕದಲ್ಲಿ ಹುಡುಕು, ಅದರ ಎದುರಿನ ಮಿತಿಯನ್ನು ತೆಗೆದುಕೊ, ಈ ಸಾಲಿನ ತೇವಾಂಶ ಅದಕ್ಕಿಂತ ಹೆಚ್ಚಿದೆಯೇ ನೋಡು ಎಂದಾಗುತ್ತದೆ. ಡಾಲರ್‌ಗಳ ಎರಡು ಬಗೆಯೂ ಇಲ್ಲಿ ಒಂದೇ ಸಾಲಿನಲ್ಲಿವೆ: ತೇವಾಂಶ ಮತ್ತು ಬಗೆ ಸಾಲಿನಿಂದ ಸಾಲಿಗೆ ಇಳಿಯಬೇಕು, ಆದ್ದರಿಂದ ಕಾಲಂಗೆ ಮಾತ್ರ ಡಾಲರ್, ಮಿತಿಗಳ ಕೋಷ್ಟಕ ಅಲ್ಲಾಡಬಾರದು, ಆದ್ದರಿಂದ ಎರಡಕ್ಕೂ ಡಾಲರ್. ಮಿತಿಯನ್ನು ಬದಲಿಸಬೇಕಾದಾಗ ನಿಯಮವನ್ನು ಮುಟ್ಟುವ ಅಗತ್ಯವಿಲ್ಲ, ಎಲ್ ಕಾಲಂನ ಅಂಕಿ ಬದಲಿಸಿದರಾಯಿತು.

ಆದರೆ ಈ ನಿಯಮದಲ್ಲಿ ಒಂದು ಗುಂಡಿಯಿದೆ. ಕೋಷ್ಟಕದಲ್ಲಿ 'ರೋಬಸ್ಟಾ ಚೆರ್ರಿ' ಎಂದಿದ್ದು, ಪಟ್ಟಿಯಲ್ಲಿ ಯಾರೋ 'ರೊಬಸ್ಟ ಚೆರಿ' ಎಂದು ಬರೆದರೆ ವಿಲುಕಪ್‌ಗೆ ಏನೂ ಸಿಗುವುದಿಲ್ಲ, ಫಾರ್ಮುಲಾ ದೋಷವನ್ನು ಹಿಂದಿರುಗಿಸುತ್ತದೆ. ಸಾಮಾನ್ಯ ಸೆಲ್‌ನಲ್ಲಾದರೆ ದೋಷದ ಚಿಹ್ನೆ ಕಾಣುತ್ತಿತ್ತು. ಬಣ್ಣದ ನಿಯಮದಲ್ಲಿ ದೋಷವನ್ನು 'ಅಲ್ಲ' ಎಂದೇ ಎಣಿಸಲಾಗುತ್ತದೆ. ತೇವಾಂಶ 14 ಇದ್ದರೂ ಸಾಲು ಬೆಳ್ಳಗೆ ನಿರಾಳವಾಗಿ ಕಾಣುತ್ತದೆ. ಕನ್ನಡದಲ್ಲಿ ಬರೆಯುವ ನಮಗೆ ಈ ತೊಂದರೆ ಇನ್ನೂ ಹೆಚ್ಚು. ಇಂಗ್ಲಿಷ್‌ನಿಂದ ಬಂದ ಪದಗಳನ್ನು ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಬರೆಯುತ್ತೇವೆ. ಹೆಸರಿನ ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ ಸೇರಿದರೂ ಎರಡು ಪದಗಳು ಬೇರೆಯೇ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ, ಯೂನಿಕೋಡ್ (ಈಗ ಬಳಕೆಯಲ್ಲಿರುವ ಅಕ್ಷರ ಸಂಕೇತ) ಅಲ್ಲದ ಬಗೆಯಲ್ಲಿ ಟೈಪು ಮಾಡಿದ ಪದ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡಿನಲ್ಲಿ ಬರೆದ ಅದೇ ಪದಕ್ಕೆ ಅದು ಎಂದೂ ಸಮವಾಗುವುದಿಲ್ಲ. ಇದಕ್ಕೆ ಡೇಟಾ ವ್ಯಾಲಿಡೇಷನ್, ಅಂದರೆ ಸೆಲ್‌ಗೆ ಏನು ಬರೆಯಬಹುದೆಂಬ ಕಟ್ಟಳೆ ಹಾಕುವ ಸೌಲಭ್ಯ, ಇದರ ಮೂಲಕ ಬಿ ಕಾಲಂಗೆ ಆಯ್ಕೆಪಟ್ಟಿ ಕೊಟ್ಟು, ಟೈಪು ಮಾಡುವ ಬದಲು ಆರಿಸಿಕೊಳ್ಳುವಂತೆ ಮಾಡುವುದು ಸರಿಯಾದ ಉಪಾಯ. ಅದರ ಜೊತೆಗೆ ಹಳದಿ ಬಣ್ಣದ ಇನ್ನೊಂದು ನಿಯಮವನ್ನೂ ಇಟ್ಟುಕೊಂಡಿದ್ದೇವೆ:

=ಆ್ಯಂಡ್($ಬಿ2<>"",ಕೌಂಟ್‌ಇಫ್($ಕೆ$2:$ಕೆ$5,$ಬಿ2)=0)

ಬಗೆ ಬರೆದಿದ್ದು ಅದು ಕೋಷ್ಟಕದಲ್ಲಿ ಇಲ್ಲವಾದರೆ ಸಾಲು ಹಳದಿಯಾಗುತ್ತದೆ. ಹಳದಿ ಕಂಡರೆ ಕಾಫಿಯನ್ನಲ್ಲ, ಕಾಗುಣಿತವನ್ನು ನೋಡಬೇಕೆಂದು ರೈಟರಿಗೆ ಗೊತ್ತು.

ತೇವಾಂಶದ ಅಂಕಿಯನ್ನು ಬರೆಯುವ ರೀತಿಯೂ ಫಲವನ್ನು ತಲೆಕೆಳಗು ಮಾಡಬಲ್ಲದು. ಒಬ್ಬರು 11.6 ಎಂದು ಬರೆಯುತ್ತಾರೆ. ಇನ್ನೊಬ್ಬರು ಶೇಕಡಾ ಚಿಹ್ನೆ ಸೇರಿಸಿ 11.6% ಎಂದು ಬರೆಯುತ್ತಾರೆ; ಎಕ್ಸೆಲ್ ಅದನ್ನು 0.116 ಎಂದು ಇಟ್ಟುಕೊಳ್ಳುತ್ತದೆ, ಅದು ಹತ್ತಕ್ಕಿಂತ ಎಷ್ಟೋ ಕಡಿಮೆ, ಹಸಿ ಕಾಫಿ ಬಣ್ಣವಿಲ್ಲದೆ ದಾಟಿಹೋಗುತ್ತದೆ. ಮತ್ತೊಬ್ಬರು 'ಶೇ. 9.2' ಎಂದು ಬರೆಯುತ್ತಾರೆ. ಅದು ಸಂಖ್ಯೆಯಲ್ಲ, ಪಠ್ಯ. ಎಕ್ಸೆಲ್‌ನ ಹೋಲಿಕೆಯಲ್ಲಿ ಯಾವ ಪಠ್ಯವಾದರೂ ಯಾವ ಸಂಖ್ಯೆಗಿಂತಲೂ ದೊಡ್ಡದು, ಆದ್ದರಿಂದ ಒಣಗಿದ ಕಾಫಿ ಕೆಂಪಾಗುತ್ತದೆ. ಒಂದೇ ಕಾಲಂನಲ್ಲಿ ಒಂದು ಚಿಹ್ನೆಯ ಕಾರಣಕ್ಕೆ ಹಸಿಯದು ಒಣಗಿದಂತೆ, ಒಣಗಿದ್ದು ಹಸಿಯಾದಂತೆ ಕಾಣುತ್ತದೆ. ಡಿ ಕಾಲಂಗೆ 5ರಿಂದ 60ರವರೆಗಿನ ಸಂಖ್ಯೆಗಳನ್ನು ಮಾತ್ರ ಒಪ್ಪುವ ಕಟ್ಟಳೆ ಹಾಕಿದರೆ ಎರಡೂ ಬಾಗಿಲು ಮುಚ್ಚುತ್ತವೆ.

ಖಾಲಿ ಸೆಲ್‌ನ ವಿಚಾರವನ್ನೂ ಹೇಳಲೇಬೇಕು. ಹೋಲಿಕೆಯಲ್ಲಿ ಖಾಲಿ ಸೆಲ್ ಸೊನ್ನೆಗೆ ಸಮ. ತೇವಾಂಶ ಅಳೆಯದ ಲಾಟಿನಲ್ಲಿ ಸೊನ್ನೆ ಹತ್ತಕ್ಕಿಂತ ಕಡಿಮೆ, ಆದ್ದರಿಂದ ಬಣ್ಣ ಬರುವುದಿಲ್ಲ. ಅಳೆದು ಒಣಗಿದೆ ಎಂದು ಗೊತ್ತಾದ ಲಾಟಿಗೂ ಬಣ್ಣ ಬರುವುದಿಲ್ಲ. ಬಣ್ಣವಿಲ್ಲದಿರುವುದಕ್ಕೆ ಹೀಗೆ ಎರಡು ಅರ್ಥ ಹುಟ್ಟುವುದನ್ನು ನಾನು ಒಪ್ಪುವುದಿಲ್ಲ. =ಆ್ಯಂಡ್($ಎ2<>"",$ಡಿ2="") ಎಂಬ ನಿಯಮದಿಂದ ಅಳೆಯದ ಲಾಟಿಗೆ ಬೂದು ಬಣ್ಣ ಕೊಟ್ಟರೆ ಅನುಮಾನ ಉಳಿಯುವುದಿಲ್ಲ. ದಿನಾಂಕದ ವಿಷಯದಲ್ಲಿ ಖಾಲಿ ಸೆಲ್ ಇದಕ್ಕೆ ವಿರುದ್ಧವಾದ ತೊಂದರೆ ಕೊಡುತ್ತದೆ. ಬಿಸಿಲು ಚೆನ್ನಾಗಿದ್ದರೆ ಚೆರ್ರಿ ಒಣಗಲು 12ರಿಂದ 15 ದಿನ ಸಾಕು; 15 ದಿನ ಕಳೆದರೂ ಗೋದಾಮು ಸೇರದ ಲಾಟನ್ನು ಕಿತ್ತಳೆ ಬಣ್ಣದಲ್ಲಿ ತೋರಿಸಬೇಕೆಂದು =ಟುಡೇ()-$ಸಿ2>15 ಎಂದಷ್ಟೇ ಬರೆದರೆ, ಇನ್ನೂ ಬರೆಯದ ಕೆಳಗಿನ ಸಾಲುಗಳೆಲ್ಲ ಒಮ್ಮೆಗೇ ಕಿತ್ತಳೆಯಾಗುತ್ತವೆ, ಏಕೆಂದರೆ ಇಂದಿನ ದಿನಾಂಕದ ಸಂಖ್ಯೆಯಿಂದ ಸೊನ್ನೆ ಕಳೆದರೆ ಉಳಿಯುವುದು ನಲವತ್ತೈದು ಸಾವಿರಕ್ಕೂ ಹೆಚ್ಚು. ಸರಿಯಾದ ರೂಪ ಇದು:

=ಆ್ಯಂಡ್($ಸಿ2<>"",$ಎಫ್2="",ಟುಡೇ()-$ಸಿ2>15)

ಹರಡಿದ ದಿನಾಂಕ ಇರಬೇಕು, ಗೋದಾಮಿನ ದಿನಾಂಕ ಇರಬಾರದು, ದಿನಗಳು 15 ಮೀರಿರಬೇಕು. ಹಾಳೆಯನ್ನು ಯಾರೂ ಮುಟ್ಟದಿದ್ದರೂ ಮರುದಿನ ತೆರೆದಾಗ ಬಣ್ಣ ತಾನಾಗಿ ಬದಲಾಗಿರುತ್ತದೆ.

ಹೀಗೆ ನಾಲ್ಕು ನಿಯಮಗಳಾದ ಮೇಲೆ ಒಂದೇ ಸಾಲಿಗೆ ಎರಡು ಅನ್ವಯವಾಗುವುದುಂಟು. ಆಗ ಪಟ್ಟಿಯಲ್ಲಿ ಮೇಲಿರುವ ನಿಯಮದ ಬಣ್ಣವೇ ನಡೆಯುತ್ತದೆ. ನಾವು ಹಳದಿಯನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇವೆ, ಬಗೆಯೇ ತಪ್ಪಿದ್ದರೆ ಉಳಿದ ಬಣ್ಣಗಳಿಗೆ ಅರ್ಥವಿಲ್ಲ. ಎಕ್ಸೆಲ್‌ನಲ್ಲಿ ಮೂರಕ್ಕಿಂತ ಹೆಚ್ಚು ನಿಯಮ ಹಾಕಲಾಗದು ಎಂಬ ಮಾತನ್ನು ಹಿರಿಯ ಗುಮಾಸ್ತರಿಂದ ಈಗಲೂ ಕೇಳುತ್ತೇನೆ. 1997ರ ಆವೃತ್ತಿಯಿಂದ 2003ರ ಆವೃತ್ತಿಯವರೆಗೆ ಅದು ನಿಜವಾಗಿತ್ತು. 2007ರಲ್ಲಿ ಆ ಕಟ್ಟು ಹೋಯಿತು. ಮಿತಿಗಳ ಕೋಷ್ಟಕವನ್ನು ಬೇರೆ ಹಾಳೆಯಲ್ಲಿಡುವುದಾದರೆ 2010ರಿಂದ ಈಚೆಗಿನ ಎಕ್ಸೆಲ್ ನೇರವಾಗಿ ಒಪ್ಪುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇಂಡೈರೆಕ್ಟ್ ಎಂಬ ಫಂಕ್ಷನ್‌ನೊಳಗೆ ಆ ವಿಳಾಸವನ್ನು ಉದ್ಧರಣ ಚಿಹ್ನೆಯಲ್ಲಿ ಬರೆಯಬೇಕು.

ಸರಿಯಾಗಿ ನಡೆಯುತ್ತಿದ್ದ ನಿಯಮ ಕೊಯ್ಲಿನ ನಡುವೆ ಕೆಡುವುದು ಬಹುಮಟ್ಟಿಗೆ ಕಾಪಿ-ಪೇಸ್ಟ್‌ನಿಂದ. ಸೆಲ್ ಅನ್ನು ನಕಲಿಸಿದಾಗ ಅದರ ಬಣ್ಣದ ನಿಯಮವೂ ಜೊತೆಗೆ ಹೋಗುತ್ತದೆ. ಎ2ರಿಂದ ಎಫ್200ರವರೆಗೆ ಒಂದಾಗಿದ್ದ ನಿಯಮ ತುಂಡುತುಂಡಾಗಿ ಮ್ಯಾನೇಜ್ ರೂಲ್ಸ್‌ನಲ್ಲಿ ಇಪ್ಪತ್ತು ಸಾಲಾಗಿ ಬೆಳೆದಿರುತ್ತದೆ. ಬೆಲೆಯನ್ನು ಮಾತ್ರ ಅಂಟಿಸುವ ಪೇಸ್ಟ್ ವ್ಯಾಲ್ಯೂಸ್ ಅಭ್ಯಾಸ ಮಾಡಿಕೊಂಡರೆ ಇದು ತಪ್ಪುತ್ತದೆ. ಆಗಲೇ ಕೆಟ್ಟಿದ್ದರೆ ತುಂಡುಗಳನ್ನು ಜೋಡಿಸುತ್ತ ಕೂರುವುದಕ್ಕಿಂತ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುವುದು ಲೇಸು.

ಹೊಸ ನಿಯಮ ಬರೆಯುವಾಗ ಈಗ ನಾನು ನೇರವಾಗಿ ಬಣ್ಣದ ಪೆಟ್ಟಿಗೆಗೆ ಹೋಗುವುದಿಲ್ಲ. ಮೊದಲು ಖಾಲಿಯಿರುವ ಜಿ ಕಾಲಂನ ಜಿ2ರಲ್ಲಿ ಅದೇ ಫಾರ್ಮುಲಾ ಬರೆದು ಕೆಳಗೆ ಎಳೆಯುತ್ತೇನೆ. ಪ್ರತಿಯೊಂದು ಸಾಲಿನ ಎದುರು ಟ್ರೂ ಅಥವಾ ಫಾಲ್ಸ್ ಎಂದು ಬರುತ್ತದೆ. ಬಗೆಯ ಹೆಸರು ತಪ್ಪಿದ್ದಲ್ಲಿ ದೋಷದ ಚಿಹ್ನೆಯೂ ಕಣ್ಣಿಗೆ ಕಾಣುತ್ತದೆ. ಒಂದು ಪಾರ್ಚ್‌ಮೆಂಟ್ ಸಾಲಿನ ತೇವಾಂಶಕ್ಕೆ 9.9, 10, 10.1 ಎಂದು ಒಂದಾದ ಮೇಲೊಂದು ಬರೆದು, ಸರಿಯಾಗಿ ಹತ್ತಕ್ಕೆ ಏನಾಗುತ್ತದೆಂದು ನೋಡುತ್ತೇನೆ. ಎಲ್ಲವೂ ಸರಿ ಕಂಡ ಮೇಲೆ ಆ ಫಾರ್ಮುಲಾವನ್ನು ನಿಯಮದ ಪೆಟ್ಟಿಗೆಗೆ ಅಂಟಿಸುತ್ತೇನೆ. ಜಿ ಕಾಲಂ ಅನ್ನು ಅಳಿಸುವುದೂ ಇಲ್ಲ. ಬಣ್ಣವು ಸೆಲ್‌ನ ಬೆಲೆಯನ್ನು ಬದಲಿಸುವುದಿಲ್ಲ, ಬಣ್ಣವನ್ನು ಎಣಿಸುವ ಸಾಮಾನ್ಯ ಫಂಕ್ಷನ್ ಎಕ್ಸೆಲ್‌ನಲ್ಲಿಲ್ಲ. ಕಣದಲ್ಲಿ ಇನ್ನೂ ಎಷ್ಟು ಹಸಿ ಲಾಟುಗಳಿವೆ ಎಂದು ಮಾಲೀಕರು ಕೇಳಿದರೆ ಜಿ ಕಾಲಂನ ಟ್ರೂಗಳನ್ನು ಕೌಂಟ್‌ಇಫ್‌ನಿಂದ ಎಣಿಸಿ ಹೇಳಬಹುದು. ಕೆಂಪು ಹಸಿರುಗಳ ಭೇದ ಕಾಣದವರು ತೋಟದಲ್ಲೂ ಇರುತ್ತಾರೆ, ಗೋದಾಮಿನ ಪ್ರಿಂಟರು ಕಪ್ಪುಬಿಳುಪಿನದು. ಆದ್ದರಿಂದ ಕೆಂಪಿನ ನಿಯಮಕ್ಕೆ ದಪ್ಪ ಅಕ್ಷರವನ್ನೂ ಸೇರಿಸಿದ್ದೇವೆ. ಬೆಳಿಗ್ಗೆ ಕಣದ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಮೇಸ್ತ್ರಿ ಓದಿ ಕೂಗುವುದು ಆ ದಪ್ಪ ಅಕ್ಷರದ ಲಾಟುಗಳನ್ನು ಮಾತ್ರ.